ಸಂಜೆಯಾದರೆ ಜ್ವರ, ಬೆಳಿಗ್ಗೆ ಏನೂ ಇಲ್ಲ: ಯಾರಿಗಾದರೂ ಹೀಗಾಗಿತ್ತಾ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಆರು ವಾರದಿಂದ ದಿನಾ ಸಂಜೆ ಜ್ವರ, 39 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಂಟಲು ನೋವು, ಮಂಡಿ, ಮಣಿಕಟ್ಟು ನೋವು. ಮೂರು ಕೋರ್ಸ್ ಆಂಟಿಬಯೋಟಿಕ್ ಆಯ್ತು, ಜಗ್ಗಿಲ್ಲ. ರಕ್ತದಲ್ಲಿ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್, ಉರಿಯೂತ ಇದ್ದರೂ ಏರುತ್ತದೆ) 6,000 ಬಂದಿದೆ, ತುಂಬಾ ಜಾಸ್ತಿಯಂತೆ. 'ದೊಡ್ಡವರಲ್ಲಿ ಬರುವ ಸ್ಟಿಲ್ಸ್ ಕಾಯಿಲೆ ಇರಬಹುದು' ಅಂದಿದ್ದಾರೆ ಡಾಕ್ಟರ್, ಅಂದರೆ ಮೈಯ ರೋಗನಿರೋಧಕ ವ್ಯವಸ್ಥೆಯೇ ಕೆರಳಿ ಜ್ವರ, ಕೀಲು ನೋವು ತರುವ ಕಾಯಿಲೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ನನಗೂ ಇದೇ. ಪತ್ತೆಯಾಗಲು ನಾಲ್ಕು ತಿಂಗಳು ಹಿಡಿಯಿತು. ತಪ್ಪು ಅರ್ಧ ನನ್ನದೇ, ಡಾಕ್ಟರ ಹತ್ತಿರ ಹೋಗುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಜ್ವರವೂ ಇಲ್ಲ, ದದ್ದೂ ಇಲ್ಲ. ಸಂಜೆ ಏಳಕ್ಕೆ ನಡುಕ ಶುರುವಾದರೆ ತೋಳು, ತೊಡೆ ಮೇಲೆ ನಸುಗುಲಾಬಿ ಮಚ್ಚೆಗಳು ಏಳುತ್ತಿದ್ದವು. ನನಗೆ ತುರಿಕೆಯೂ ಇರಲಿಲ್ಲ, ಹಾಗಾಗಿ ಲೆಕ್ಕಕ್ಕೇ ತಗೊಂಡಿರಲಿಲ್ಲ. ಕೊನೆಗೆ ತಂಗಿ ಥರ್ಮಾಮೀಟರನ್ನು ಪಕ್ಕದಲ್ಲೇ ಹಿಡಿದು ಫೋಟೋ ತೆಗೆದಳು. ರುಮಟಾಲಜಿಸ್ಟ್ (ಕೀಲು, ಉರಿಯೂತದ ಕಾಯಿಲೆಗಳ ತಜ್ಞರು) ನನ್ನ ದಪ್ಪ ಫೈಲಿಗಿಂತ ಆ ಫೋಟೋವನ್ನೇ ಜಾಸ್ತಿ ಹೊತ್ತು ನೋಡಿದರು.

ಇದಕ್ಕೆ ಅಂತಲೇ ಒಂದು ಟೆಸ್ಟ್ ಇಲ್ಲ. 1992ರ ಯಮಾಗುಚಿ ಪಟ್ಟಿ (ಈ ಕಾಯಿಲೆಯ ಗುರುತುಗಳ ಪಟ್ಟಿ) ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಜ್ವರ, ಕೀಲು ನೋವು, ದದ್ದು, ಬಿಳಿ ರಕ್ತಕಣ ಏರಿರುವುದು ದೊಡ್ಡ ಗುರುತುಗಳು. ಗಂಟಲು ನೋವು, ಲಿವರ್ ಏರುಪೇರು, ಆರ್‌ಎ ಫ್ಯಾಕ್ಟರ್, ಎಎನ್‌ಎ (ಸಂಧಿವಾತ, ಲೂಪಸ್‌ನಂಥ ಕಾಯಿಲೆಗೆ ಮಾಡುವ ರಕ್ತಪರೀಕ್ಷೆಗಳು) ಎರಡೂ ನೆಗೆಟಿವ್ ಬರುವುದು, ಇಂಥವು ಚಿಕ್ಕವು. ಒಟ್ಟು ಐದಾದರೂ ಸಿಗಬೇಕು, ಅದರಲ್ಲಿ ಎರಡು ದೊಡ್ಡವು. ತಮಾಷೆ ಅಂದರೆ ಫೆರಿಟಿನ್ ಆ ಪಟ್ಟಿಯಲ್ಲೇ ಇಲ್ಲ, ಆದರೆ ಅಷ್ಟು ಏರಿದ್ದರೆ ಯಾರೂ ಬಿಡುವುದಿಲ್ಲ. ಸೋಂಕು, ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಬೋನ್ ಮ್ಯಾರೋ ಟೆಸ್ಟ್ ಬರೆದರೆ ಅದಕ್ಕೇ.

ಉತ್ತರ: ಹೆದರಿಸೋಕೆ ಹೇಳ್ತಿಲ್ಲ, ಗೊತ್ತಿರಲಿ ಅಂತ. ನನ್ನ ಹೆಂಡತಿಗೆ ಇದರ ಜೊತೆ ಮ್ಯಾಕ್ರೋಫೇಜ್ ಆಕ್ಟಿವೇಶನ್ ಸಿಂಡ್ರೋಮ್ ಆಯಿತು, ಅಂದರೆ ರೋಗನಿರೋಧಕ ಕಣಗಳು ಹತೋಟಿ ತಪ್ಪಿ ಕೆರಳುವುದು, ಜೀವಕ್ಕೇ ಅಪಾಯ. ಬಂದು ಹೋಗುತ್ತಿದ್ದ ಜ್ವರ ಇಳಿಯದೇ ನಿಂತಿತು. ಪ್ಲೇಟ್‌ಲೆಟ್ ಬಿದ್ದವು, ಫೆರಿಟಿನ್ ಮಾತ್ರ ಏರುತ್ತಲೇ ಹೋಯಿತು. ಇಎಸ್‌ಆರ್ (ಉರಿಯೂತ ಅಳೆಯುವ ರಕ್ತಪರೀಕ್ಷೆ) ಇಳಿದಿದೆ ಅಂತ ನಾವು ಖುಷಿಪಟ್ಟಿದ್ದೆವು. ಅದೇ ಅಪಾಯದ ಗುರುತಂತೆ! ಆ ರಾತ್ರಿಯೇ ಅಡ್ಮಿಟ್ ಮಾಡಿಕೊಂಡರು. ಈಗ ಆರಾಮಾಗಿದ್ದಾಳೆ.

ಉತ್ತರ: ಔಷಧಿ ಬಗ್ಗೆ ನನ್ನದೊಂದೆರಡು ಮಾತು. ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಶುರುವಾದ ಮೂರನೇ ದಿನ ನಾನೇ ಬಾಟಲಿ ಮುಚ್ಚಳ ತಿರುಗಿಸಿದೆ, ಅಷ್ಟು ದಿನ ಆಗುತ್ತಿರಲಿಲ್ಲ. ಆದರೆ ಡೋಸ್ ಇಳಿಸಿದಾಗಲೆಲ್ಲ ಜ್ವರ ವಾಪಸ್. ರೋಗನಿರೋಧಕ ಶಕ್ತಿ ತಗ್ಗಿಸುವ ಮೆಥೊಟ್ರೆಕ್ಸೇಟ್ ಸೇರಿಸಿದರು, ಸಾಲಲಿಲ್ಲ. ಆಮೇಲೆ ಟೊಸಿಲಿಜುಮ್ಯಾಬ್, ಉರಿಯೂತದ ಸಂಕೇತವನ್ನೇ ತಡೆಯುವ ಔಷಧಿ. ಕೆಲವರಿಗೆ ಅನಾಕಿನ್ರಾ ಕೊಡುತ್ತಾರೆ, ಅದು ದಿನಾ ಚುಚ್ಚಿಕೊಳ್ಳುವ ಇಂಜೆಕ್ಷನ್. ಇವನ್ನು ಶುರು ಮಾಡುವ ಮುಂಚೆ ಟಿಬಿ ಟೆಸ್ಟ್ ಮಾಡಿಸುತ್ತಾರೆ. ಟೊಸಿಲಿಜುಮ್ಯಾಬ್ ಮೇಲಿದ್ದಾಗ ಸೋಂಕು ಬಂದರೂ ಸಿಆರ್‌ಪಿ (ಸೋಂಕು, ಉರಿಯೂತ ತೋರಿಸುವ ರಕ್ತಪರೀಕ್ಷೆ) ಏರದೇ ಇರಬಹುದು. ಹೊಸ ಡಾಕ್ಟರ ಹತ್ತಿರ ಹೋದರೆ ಮೊದಲು ಅದನ್ನು ಹೇಳಿ. ಸ್ಟೆರಾಯ್ಡ್ ಮಾತ್ರ ನೀವಾಗೇ ತಟ್ಟನೆ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅವನ ಅಂಗಿ ಎತ್ತಿಸಿ ನೋಡಿದೆ. ಹೊಟ್ಟೆ ಮೇಲೆಲ್ಲ ಮಚ್ಚೆ ಇದೆ. ಬೆವರುಸಾಲೆ ಅಂದುಕೊಂಡು ಇಷ್ಟು ದಿನ ಪೌಡರ್ ಹಾಕಿಕೊಳ್ಳುತ್ತಿದ್ದನಂತೆ. ಫೋಟೋ ತೆಗೆದಿದ್ದೇನೆ.