ಮದುವೆ ರಿಸೆಪ್ಷನ್‌ಗೆ ಮೂರು ಗಂಟೆ, ಕೈಲಿರೋದು 14 ಹಾಡು. ಬೀಟಲ್ಸ್ ಹೇಗೆ ನಿಭಾಯಿಸಿದ್ರು?

ವಿರಾಜಪೇಟೆ_ಗಿಟಾರ್:
ಹೊಸ ಬ್ಯಾಂಡ್. ಎರಡು ಗಿಟಾರ್, ಬೇಸ್, ಡ್ರಮ್ಸ್. ಮೇ ತಿಂಗಳಲ್ಲಿ ಗೋಣಿಕೊಪ್ಪದಲ್ಲಿ ಒಂದು ರಿಸೆಪ್ಷನ್, ಮೂರು ಗಂಟೆ ನುಡಿಸಬೇಕು. ಗಟ್ಟಿಯಾಗಿ ಬರೋದು 14 ಹಾಡು. ಬೀಟಲ್ಸ್ ಶುರುವಲ್ಲಿ ರಾತ್ರಿಯಿಡೀ ನುಡಿಸ್ತಿದ್ರು ಅಂತಾರಲ್ಲ, ಅಷ್ಟು ಹಾಡು ಎಲ್ಲಿಂದ ತಂದ್ರು? ಬೇಸ್‌ಗೆ ಬೇರೆ ಆಂಪ್ (ದನಿ ಏರಿಸೋ ಪೆಟ್ಟಿಗೆ) ಇಲ್ಲ, ಗಿಟಾರ್ ಆಂಪ್‌ಗೇ ಹಾಕಬಹುದಾ?

ಹಳೇ_ರೆಕಾರ್ಡು:
ಒಂದೇ ಉಸಿರಿಗೆ ನುಡಿಸ್ತಿರಲಿಲ್ಲ. 1960ರ ಆಗಸ್ಟ್ 17ರಿಂದ ಜರ್ಮನಿಯ ಹ್ಯಾಂಬರ್ಗ್‌ನ ಇಂದ್ರ ಕ್ಲಬ್‌ನಲ್ಲಿ ವಾರದ ದಿನ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರ ಆರು ಗಂಟೆ. ವಾರದ ದಿನದ ಲೆಕ್ಕ ನೋಡಿ: 8ರಿಂದ 9.30, 10ರಿಂದ 11, 11.30ರಿಂದ 12.30, 1ರಿಂದ 2. ನಡುವೆ ಅರ್ಧರ್ಧ ಗಂಟೆ ಬಿಡುವು. ಹಾಡುಗಳು ಬಹುಪಾಲು ಬೇರೆಯವರವೇ, ಚಕ್ ಬೆರ್ರಿ, ಲಿಟಲ್ ರಿಚರ್ಡ್, ಕಾರ್ಲ್ ಪರ್ಕಿನ್ಸ್. ಸಾಲದಾದಾಗ ರೇ ಚಾರ್ಲ್ಸ್‌ದೊಂದು ಹಾಡನ್ನ ಎಳೆದೆಳೆದು ನುಡಿಸ್ತಿದ್ರು. ಹನ್ನೆರಡು ಬಾರ್‌ನ (ತಾಳದ ಆವರ್ತನದ) ಸುತ್ತು, ಗಾಯಕ ಕೂಗಿದ್ದಕ್ಕೆ ಜನ ಮರುಕೂಗು ಹಾಕೋ ಜಾಗ ಬೇರೆ ಇದೆ, ಎಷ್ಟು ಸುತ್ತಿದರೂ ಮುರಿಯಲ್ಲ. ಆ ಡಿಸೆಂಬರ್ 27ಕ್ಕೆ ಲಿವರ್‌ಪೂಲ್ ಹತ್ತಿರದ ಲಿದರ್‌ಲ್ಯಾಂಡ್ ಟೌನ್ ಹಾಲ್‌ನಲ್ಲಿ ನುಡಿಸಿದಾಗ ಜನ ಕುಣಿಯೋದು ಬಿಟ್ಟು ಸ್ಟೇಜಿನ ಕಡೆ ನುಗ್ಗಿದ್ರು. ಊರಲ್ಲಿ ಹೆಸರು ಎದ್ದಿದ್ದು ಅಲ್ಲಿಂದ.

ನಿಮ್ಮ ಲೆಕ್ಕ: 45 ನಿಮಿಷದ ಮೂರು ಸೆಟ್, 20 ನಿಮಿಷದ ಎರಡು ಬಿಡುವು. ನುಡಿಸೋದು 135 ನಿಮಿಷ. ಒಂದು ಹಾಡಿಗೆ ಟ್ಯೂನಿಂಗ್ ಸೇರಿ 5 ನಿಮಿಷ ಹಿಡಿದರೆ 27 ಹಾಡು ಬೇಕು. ಮೂರೇ ಕಾರ್ಡಿನ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಎಂಟು ಹಾಡು ಹೊಸದಾಗಿ ಕಲಿತರೆ 22. ಉಳಿದ 25 ನಿಮಿಷಕ್ಕೆ ಐದು ಹಾಡನ್ನ ಐದೈದು ನಿಮಿಷ ಹಿಗ್ಗಿಸಿ. ಯಾವ ಐದು ಅಂತ ಮೊದಲೇ ಗೊತ್ತಿರಲಿ, ಸುತ್ತು ಮುಗಿಸೋ ಸನ್ನೆ ಡ್ರಮ್ಮರ್ ಒಬ್ಬನದೇ ಇರಲಿ. ಇಬ್ಬರು ಸನ್ನೆ ಕೊಟ್ಟರೆ ಅರ್ಧ ಬ್ಯಾಂಡ್ ನಿಲ್ಲುತ್ತೆ, ಅರ್ಧ ಓಡುತ್ತೆ.

ಮತ್ತೆ, ವಾಲಗದವರು ಶುರು ಮಾಡಿದ್ರೆ ಗಿಟಾರ್ ಕೆಳಗಿಡಿ. ಕೊಡಗಿನ ಮದುವೇಲಿ ಆ ಪೈಪೋಟಿ ಗೆದ್ದ ಬ್ಯಾಂಡ್ ಇಲ್ಲ.

ಮಡಿಕೇರಿ_ಮಿಕ್ಸರ್:
ಬೇಸ್ ಗಿಟಾರ್ ಆಂಪ್‌ಗೆ ಬೇಡ. ಸಣ್ಣ ದನಿಯಲ್ಲಿ ಪ್ರಾಕ್ಟೀಸ್‌ಗೆ ಪರವಾಗಿಲ್ಲ, ಡ್ರಮ್ಸ್ ಮೇಲೆ ಕೇಳಿಸುವಷ್ಟು ಏರಿಸಿದರೆ ಕೆಳಗಿನ ಇ ತಂತಿಗೆ ಸ್ಪೀಕರ್ ಕೋನ್ ಮಿತಿಮೀರಿ ಆಡುತ್ತೆ. ಮೊದಲು ಬರ್‌ರ್ ಅನ್ನುತ್ತೆ, ಆಮೇಲೆ ಕಾಯಿಲ್ ಹೋಗುತ್ತೆ.

ಬೀಟಲ್ಸ್‌ಗೂ ಇದೇ ತಾಪತ್ರಯ. 1962ರ ಜೂನ್ 6ಕ್ಕೆ ಲಂಡನ್ನಿನ ಇಎಂಐ ರೆಕಾರ್ಡಿಂಗ್ ಸ್ಟುಡಿಯೋಗೆ ಬಂದಾಗ ಬೇಸ್ ನುಡಿಸ್ತಿದ್ದ ಪಾಲ್‌ನ ಸ್ಪೀಕರ್ ಕೆಲಸಕ್ಕೆ ಬರೋ ಹಾಗಿರಲಿಲ್ಲ. ಇಂಜಿನಿಯರ್‌ಗಳಾದ ನಾರ್ಮನ್ ಸ್ಮಿತ್, ಕೆನ್ ಟೌನ್ಸೆಂಡ್ ಎಕೋ ಚೇಂಬರ್‌ನಿಂದ (ಪ್ರತಿಧ್ವನಿ ಕೋಣೆ) ಟ್ಯಾನಾಯ್ ಕಂಪನಿಯ ಸ್ಪೀಕರ್ ಹೊತ್ತು ತಂದು ಲೀಕ್ ಕಂಪನಿಯ ಆಂಪ್‌ಗೆ ಜೋಡಿಸಿದ್ರು. ಗಡಗಡ ಅನ್ನುತ್ತಿದ್ದ, ಗಿಟಾರಿನ ಜಾನ್‌ನ ಆಂಪ್‌ಗೆ ದಾರ ಕಟ್ಟಿದ್ರು. ಡ್ರಮ್ಸ್ ಕೂಡ ರೆಕಾರ್ಡ್ ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಹಿಡಿಸಲಿಲ್ಲ. ಆಗಸ್ಟ್‌ನಲ್ಲಿ ಡ್ರಮ್ಮರ್ ಪೀಟ್ ಬೆಸ್ಟ್ ಹೋಗಿ ರಿಂಗೋ ಬಂದ. ಹ್ಯಾಂಬರ್ಗ್ ಹ್ಯಾಂಬರ್ಗ್ ಅಂತ ಎಲ್ಲರೂ ಹೇಳ್ತಾರೆ, ಬೇಸ್ ಡ್ರಮ್ಸ್ ಸರಿಹೋಗಿದ್ದನ್ನ ಯಾರೂ ಎತ್ತಲ್ಲ.

ನೀವು ಬೇಸನ್ನ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನ ಮಿಕ್ಸರ್‌ಗೆ ಹೊಂದಿಸೋ ಸಣ್ಣ ಪೆಟ್ಟಿಗೆ) ಮೂಲಕ ನೇರ ಮಿಕ್ಸರ್‌ಗೆ ಕೊಡಿ. ಸೌಂಡ್‌ನವರ ಹತ್ತಿರ 15 ಅಥವಾ 18 ಇಂಚಿನ ಬೇಸ್ ಬಾಕ್ಸ್ ಇದೆಯಾ ಅಂತ ಅಡ್ವಾನ್ಸ್ ಕೊಡೋ ಮೊದಲೇ ಕೇಳಿ. ಹಮ್ (ಗುಂಯ್ ಸದ್ದು) ಬಂದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್‌ನ ಅರ್ಥ್ ಪಿನ್ ಮಾತ್ರ ಕೀಳಬೇಡಿ, ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯುತ್ತೆ.

ಮೇ ಅಂದ್ರೆ ಸಂಜೆ ಮಳೆ, ಕೊಂಬೆ ಬಿದ್ದು ಕರೆಂಟ್ ಹೋಗೋದು ಇದ್ದೇ ಇದೆ. ಹೋದ ತಕ್ಷಣ ಪವರ್ ಆಂಪ್ ಆಫ್ ಮಾಡಿ. ಜನರೇಟರ್ ಹತ್ತಿದ ಮೇಲೆ ಮೊದಲು ಮಿಕ್ಸರ್, ಕೊನೆಗೆ ಪವರ್ ಆಂಪ್. ತಿರುಗುಮುರುಗು ಆದರೆ ಬರೋ ಧಡ್ ಸದ್ದಿಗೇ ಟ್ವೀಟರ್ ಹೋಗಬಹುದು. ಶೀಟ್ ಹಾಕಿದ ಹಾಲ್ ಆದರೆ ಜೋರು ಮಳೆಗೆ ಏನೂ ಕೇಳಿಸಲ್ಲ. ವಾಲ್ಯೂಮ್ ಏರಿಸೋಕೆ ಹೋಗಬೇಡಿ, ಬರೀ ಹೌಲಿಂಗ್ ಬರುತ್ತೆ. ಸೆಟ್‌ಗಳ ನಡುವಿನ ಬಿಡುವನ್ನ ಆಗಲೇ ತಗೊಳ್ಳಿ.

ವಿರಾಜಪೇಟೆ_ಗಿಟಾರ್:
ಡಿಐ ಆಕ್ಟಿವ್ ಬೇಕಾ, ಪ್ಯಾಸಿವ್ ಸಾಕಾ ಅಣ್ಣ?

ಮಡಿಕೇರಿ_ಮಿಕ್ಸರ್:
ಬೇಸ್ ಒಳಗೆ ಬ್ಯಾಟರಿ ಇದ್ದರೆ ಪ್ಯಾಸಿವ್ ಸಾಕು. ಇಲ್ಲದಿದ್ದರೆ ಆಕ್ಟಿವ್ ತಗೊಳ್ಳಿ, ಪ್ಯಾಸಿವ್‌ನಲ್ಲಿ ದನಿ ಮಂಕಾಗುತ್ತೆ. ಆಕ್ಟಿವ್‌ಗೆ ಮಿಕ್ಸರ್‌ನಿಂದ ಫ್ಯಾಂಟಮ್ ಪವರ್ (ಮೈಕ್ ಕೇಬಲ್‌ನಲ್ಲೇ ಬರೋ ಕರೆಂಟ್) ಬೇಕು, ಸಿಗದಿದ್ದರೆ 9 ವೋಲ್ಟ್ ಬ್ಯಾಟರಿ.