ಮಾವ ಫಾರ್ವರ್ಡ್ ಮಾಡಿದ ಗೊರಕೆ ಮದ್ದು

ಗುಂಪು: ಮನೆಯವರು ಮಾತ್ರ, ಉಡುಪಿ

ದೊಡ್ಡ ಮಾವ: ಗೊರಕೆಗೆ ಮೂಗಿಗೆ ಗಾಳಿ ಊದುವ ಮಿಷನ್ ಬೇಕಿಲ್ಲ!! ರಾತ್ರಿ ಊಟ ಬಿಡಿ, 21 ದಿನದಲ್ಲಿ ತೂಕ ಇಳಿಸಿ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಬುಡದಿಂದಲೇ ಮಾಯ. ಆಸ್ಪತ್ರೆಯವರು ಇದನ್ನು ಹೇಳುವುದಿಲ್ಲ. ಹತ್ತು ಜನರಿಗೆ ಕಳಿಸಿ 🙏

ದೊಡ್ಡ ಮಾವ: ನಿನಗೇ ಹಾಕಿದ್ದು ಮಾರಾಯ. ಆ ಮಿಷನ್ ಪೈಪಿನ ಆನೆ ಸೊಂಡಿಲು ಕಟ್ಟಿಕೊಂಡು ಮಲಗುದು ಬಿಡು ಇನ್ನು

ನಾನು: ಹೇಳುದಿಲ್ಲ ಅಂತ ಯಾರು ಹೇಳಿದ್ದು ಮಾವ? ನನಗೆ ಡಾಕ್ಟ್ರು ಮೊದಲು ಹೇಳಿದ್ದೇ ತೂಕ ಇಳಿಸು ಅಂತ, ಮಿಷನ್ ಮಾತು ಬಂದದ್ದು ಆಮೇಲೆ. ರಾತ್ರಿ ನಿದ್ದೆಯ ಟೆಸ್ಟಲ್ಲಿ ಗಂಟೆಗೆ 38 ಸಲ ಉಸಿರು ಕಟ್ಟುದು ಅಥವಾ ತೀರಾ ಕಮ್ಮಿ ಆಗುದು ಬಂತು, ಒಂದೊಂದೂ ಕಮ್ಮಿ ಅಂದ್ರೆ 10 ಸೆಕೆಂಡ್. 30 ದಾಟಿದ್ರೆ ಸಿವಿಯರ್. ತೂಕ ನೂರಕ್ಕೆ 10 ಇಳಿದ್ರೆ ಈ ಲೆಕ್ಕ ನೂರಕ್ಕೆ 26 ಇಳೀತದೆ ಅಂತ ಅಮೆರಿಕದ ವಿಸ್ಕಾನ್ಸಿನ್‌ನವರು ವರ್ಷಗಟ್ಟಲೆ ಜನರನ್ನು ನೋಡಿ 2000ದಲ್ಲಿ ಬರೆದಿದ್ದಾರೆ. ಆಗ ನನ್ನ 38 ಎಲ್ಲಿಗೆ ಬರ್ತದೆ? 28. ಇದಕ್ಕೆ ಮಾಯ ಅಂತಾರಾ

ದುಬೈ ಭಾವ: ಕಮ್ಮಿ ಆಯ್ತಲ್ಲ, ಗೆದ್ದದ್ದು ಮಾವನೇ 😂

ನಾನು: ಎರಡು ನಿಮಿಷಕ್ಕೊಂದು ಸರ್ತಿ ಯಾರಾದ್ರೂ ನಿಮ್ಮ ಕುತ್ತಿಗೆ ಹಿಚುಕಿದ್ರೆ ಗೆದ್ದೆ ಅಂತ ಹೇಳಿ ಭಾವ

ದುಬೈ ಭಾವ: ಈಗ ಇಂಜೆಕ್ಷನ್ ಉಂಟಲ್ಲ ಮಾರಾಯ, ಟಿರ್ಜೆಪಟೈಡ್, ಇಂಡಿಯಾದಲ್ಲಿ ಮೌಂಜಾರೊ. ಅಮೆರಿಕದಲ್ಲಿ 2024 ಡಿಸೆಂಬರಲ್ಲಿ ಸ್ಲೀಪ್ ಅಪ್ನಿಯಾಕ್ಕೇ ಅಂತ ಪರ್ಮಿಷನ್ ಸಿಕ್ಕಿದೆ

ನಾನು: ಹೌದು, ಆದ್ರೆ ಬೊಜ್ಜು ಇದ್ದು ಅಪ್ನಿಯಾ ಮಧ್ಯಮ ಅಥವಾ ಜೋರಿದ್ದವರಿಗೆ ಮಾತ್ರ, ಊಟ ವ್ಯಾಯಾಮ ಸರಿ ಮಾಡ್ಕೊಂಡು. ಡಾಕ್ಟ್ರ ಚೀಟಿ ಇಲ್ಲದೆ ಬೇಡ

ಚಿಕ್ಕಮ್ಮ: ತೂಕ ತೂಕ ಅಂತೀರಿ, ನಾನು 52 ಕೆಜಿ ನನಗೂ ಉಂಟಲ್ಲ ಅದು. ದವಡೆ ಸಣ್ಣ, ಹಿಂದೆ ಸರ್ದಿದೆ, ಮಲಗಿದ್ರೆ ನಾಲಗೆಗೆ ಜಾಗ ಸಾಲುದಿಲ್ಲ ಅಂದ್ರು. ರಾತ್ರಿ ಗಂಜಿ ಬಿಟ್ರೆ ದವಡೆ ಮುಂದೆ ಬರ್ತದಾ ಅಣ್ಣ?

ದೊಡ್ಡ ಮಾವ: ನಿನ್ನದು ಬೇರೆ. ಇವನದ್ದು ಗಡ್‌ಬಡ್ ಐಸ್‌ಕ್ರೀಮ್ ಕೇಸ್, ವಾರಕ್ಕೆ ಎರಡು ಗ್ಲಾಸ್

ನಾನು: ಒಪ್ಪಿದೆ. ಕೊಬ್ಬು ಹೊಟ್ಟೆಯಲ್ಲಿ ಮಾತ್ರ ಕೂರುದಲ್ಲ, ಕುತ್ತಿಗೆಯಲ್ಲಿ ಕೂರ್ತದೆ, ನಾಲಗೆ ಒಳಗೂ ಕೂರ್ತದೆ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯವರು ಎಂಆರ್‌ಐ ಮಾಡಿ ನೋಡಿ 2020ರಲ್ಲಿ ಹೇಳಿದ್ದು, ಸಪೂರ ಆದವರಿಗೆ ಉಸಿರು ಸರಿ ಆದದ್ದು ಮುಖ್ಯವಾಗಿ ನಾಲಗೆ ಕೊಬ್ಬು ಕರಗಿದ್ದಕ್ಕೆ ಅಂತ

ಚಿಕ್ಕಮ್ಮ: ಈ ಗ್ರೂಪಲ್ಲಿ ಯಾರ ನಾಲಗೆ ದಪ್ಪ ಅಂತ ಗೊತ್ತುಂಟು

ದೊಡ್ಡ ಮಾವ: ಅದೇ ನಾನು ಹೇಳುದು, ತೂಕ ಇಳಿಸಿದ್ರೆ ಆಯ್ತಲ್ಲ, ಮಿಷನ್ ಎಂತಕ್ಕೆ?

ನಾನು: ಮಿಷನಿಂದ ತೂಕ ಇಳಿಯುದಿಲ್ಲ ಮಾವ, ಕೆಲವರಿಗೆ ಚೂರು ಏರ್ತದೆ ಕೂಡ. ಆದ್ರೆ ಮೊದಲು ಹೇಗಿತ್ತು, ಎದ್ದ ಕೂಡ್ಲೇ ತಲೆನೋವು, ಆಫೀಸಲ್ಲಿ ತೂಕಡಿಕೆ, ಒಂದು ದಿನ ಪಡುಬಿದ್ರೆ ಹತ್ತಿರ ಹೈವೇಯಲ್ಲಿ ಸ್ಟೇರಿಂಗ್ ಹಿಡ್ಕೊಂಡೇ ಕಣ್ಣು ಮುಚ್ಚಿಹೋಗಿತ್ತು, ಹಿಂದಿನ ಬಸ್ಸಿನವ ಹಾರ್ನ್ ಹೊಡೆದದ್ದಕ್ಕೆ ಉಳಿದದ್ದು. ಆ ಸ್ಥಿತಿಯಲ್ಲಿ ವಾಕಿಂಗ್ ಎಲ್ಲಿಯ ಮಾತು. ಈಗ ರಾತ್ರಿ ನಿದ್ದೆ ಆಗ್ತದೆ, 6ಕ್ಕೆ ಎದ್ದು ಅಜ್ಜರಕಾಡಿಗೆ ವಾಕಿಂಗ್ ಹೋಗ್ತೇನೆ, 94 ಕೆಜಿ ಇದ್ದದ್ದು 86 ಆಗಿದೆ

ದೊಡ್ಡ ಮಾವ: ಹಾಗಾದ್ರೆ ಸಾಯುವ ತನಕ ಸೊಂಡಿಲಾ?

ನಾನು: ಹಾಗಂತ ಇಲ್ಲ. ಇನ್ನೂ ಇಳಿದ ಮೇಲೆ ಪುನಃ ಟೆಸ್ಟ್, ಗಂಟೆಗೆ 5ಕ್ಕಿಂತ ಕಮ್ಮಿ ಬಂದ್ರೆ ಬೇಡ ಅಂತ ಅವ್ರೇ ಹೇಳಬಹುದು. ಫಾರ್ವರ್ಡ್ ನೋಡಿ ಬಿಚ್ಚಿಡುದಲ್ಲ. ಮತ್ತೆ ನೀವು ಸುಗರ್ ಮಾತ್ರೆ ತಕ್ಕೊಳ್ಳುವವರು, ಕೇಳದೆ ರಾತ್ರಿ ಊಟ ಬಿಡ್ಬೇಡಿ

ಅತ್ತೆ: ಮೆಸೇಜ್ ಹಾಕಿದವರ ಕತೆ ನಾನು ಹೇಳ್ತೇನೆ. ನಿನ್ನೆ ರಾತ್ರಿ ಗೊರಕೆ ಗಕ್ಕಂತ ನಿಂತಿತು, ನಾನು ಎಣಿಸ್ತಾ ಕೂತೆ, 22 ಆದ ಮೇಲೆ ಬುಸ್ಸಂತ ಉಸಿರು. ಒಂದು ಸರ್ತಿ ಅಲ್ಲ. ಕುತ್ತಿಗೆ ಬೇರೆ ದಪ್ಪ, ಅಂಗಿ ಕಾಲರ್ 17 ಇಂಚು

ಅಕ್ಕ: ಅಯ್ಯೋ ಅತ್ತೆ ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ

ಅತ್ತೆ: ಹೇಳಿದ್ರೆ ಗೊರಕೆ ಬಂದ್ರೆ ಒಳ್ಳೆ ನಿದ್ದೆ ಅಂತಾರೆ

ದೊಡ್ಡ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡ ಮಾವ: ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕಾ

ನಾನು: ಬೇಡ, ಊಟ ಮಾಡಿಯೇ ಹೋಗುವ. ಆದ್ರೆ ಆ ದಿನ ಮಧ್ಯಾಹ್ನ ಮಲಗ್ಲಿಕ್ಕಿಲ್ಲ, ಸಂಜೆ ಕಾಫಿನೂ ಇಲ್ಲ

ದೊಡ್ಡ ಮಾವ: ಮಧ್ಯಾಹ್ನದ್ದೂ ಬಿಡ್ಬೇಕಾ