ಹೆಡ್‌ಲೈಟ್ ಹಾಕಿದ್ರೆ ಟೆಂಪರೇಚರ್ ಮುಳ್ಳು ಏರತ್ತೆ, ಇಂಜಿನ್ ನಿಜವಾಗ್ಲೂ ಕಾಯ್ತಿದೆಯಾ?

ಎರಡ್‌ಸೀಟು_ಬಸವನಗುಡಿ:

ನಮಸ್ಕಾರ. ನನ್ನದು ಫೈಬರ್ ಬಾಡಿಯ ಹಳೇ ಓಪನ್ ಕಾರು, ಎರಡೇ ಸೀಟು, 1.2 ಲೀಟರ್ ಫ್ರೆಂಚ್ ಇಂಜಿನ್. ಬೆಂಗಳೂರಲ್ಲಿ ಕಾರಿನ ಹುಚ್ಚು ಇರೋರಿಗೆ ಇಷ್ಟು ಹೇಳಿದ್ರೆ ಯಾವ ಗಾಡಿ ಅಂತ ಗೊತ್ತಾಗತ್ತೆ.

ಬೆಳಿಗ್ಗೆ ನಂದಿ ಬೆಟ್ಟದ ಕಡೆ ಹೊರಟ್ರೆ ಮುಳ್ಳು ಅರ್ಧಕ್ಕಿಂತ ಕೆಳಗೇ ಇರತ್ತೆ. ಸಂಜೆ ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕೊಂಡ್ರೆ ಅರ್ಧ ದಾಟತ್ತೆ. ಕತ್ತಲಾಗಿ ಹೆಡ್‌ಲೈಟ್ ಹಾಕಿದ್ನೋ, ಸೀದಾ ಕೆಂಪು ಗೆರೆ ಹತ್ರ. ಆದ್ರೆ ಹಬೆ ಇಲ್ಲ, ವಾಸನೆ ಇಲ್ಲ, ಬಾಟ್ಲಲ್ಲಿ ಕೂಲೆಂಟ್ ಇಳಿದಿಲ್ಲ, ಫ್ಯಾನೂ ತಿರುಗತ್ತೆ. ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿದ್ದೇ ತಡ, "ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡು, ಬ್ಲಾಕಿನ ನಡುವಿನ ಸೀಲು) ಹೋಗಿದೆ ಸಾರ್, ಇಂಜಿನ್ ಬಿಚ್ಬೇಕು" ಅಂದ್ರು. ಏನನ್ನೂ ಅಳೆಯದೆ ಹೇಳಿದ್ದು ನಂಗೆ ಸರಿ ಬರ್ಲಿಲ್ಲ.

ಇನ್ನೊಂದು ತಮಾಷೆ. ರಾತ್ರಿ ಹೊತ್ತು ಪೆಟ್ರೋಲ್ ಮುಳ್ಳೂ ಸ್ವಲ್ಪ ಏರತ್ತೆ. ಬಂಕಿಗೆ ಹೋಗದೇ ಪೆಟ್ರೋಲ್ ಜಾಸ್ತಿಯಾಗೋ ಗಾಡಿ ಊರಲ್ಲಿ ಇದೊಂದೇ ಇರ್ಬೇಕು.

ಹೆಬ್ಬಾಳ_ಹುಡ್ಗ:

ಅಣ್ಣ, ಥರ್ಮೋಸ್ಟಾಟ್ (ಬಿಸಿಯಾದ್ಮೇಲೆ ಕೂಲೆಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವು) ಕಿತ್ತು ಬಿಸಾಕಿ. ನಮ್ಮೂರಿನ ಹವಾಕ್ಕೆ ಅದು ಬೇಕಾಗೇ ಇಲ್ಲ. ನನ್ನ ಹಳೇ ಗಾಡೀಲಿ ತೆಗೆಸಿದ್ಮೇಲೆ ಮುಳ್ಳು ಮೇಲೆ ಎದ್ದೇ ಇಲ್ಲ.

ವೈರಿಂಗ್_ರಾಯರು:

ಹೆಬ್ಬಾಳದವರೇ, ಸಿಲ್ಕ್ ಬೋರ್ಡಲ್ಲಿ ಗಾಡಿ ಕಾದಾಗ ಥರ್ಮೋಸ್ಟಾಟ್ ಮೊದಲೇ ಪೂರ್ತಿ ತೆರೆದಿರತ್ತೆ. ತೆರೆದ ಬಾಗಿಲನ್ನ ಕಿತ್ತು ಹಾಕಿದ್ರೆ ಗಾಳಿ ಜಾಸ್ತಿ ಬರತ್ತಾ? ಹೈವೇಲಿ ಇಂಜಿನ್ ಬಿಸಿಯಾಗದೆ ಪೆಟ್ರೋಲ್ ಕುಡಿಯತ್ತೆ ಅಷ್ಟೇ. ಆ ಸಲಹೆ ಬೇಡ.

ಬಸವನಗುಡಿಯವರೇ, ನೀವು ತಮಾಷೆಗೆ ಬರೆದ ಕೊನೇ ಸಾಲಲ್ಲೇ ರೋಗ ಇದೆ. ಇಂಜಿನ್ ಎಷ್ಟೇ ಕಾದ್ರೂ ಟ್ಯಾಂಕಲ್ಲಿ ಪೆಟ್ರೋಲ್ ಮಟ್ಟ ಅಳೆಯೋ ಫ್ಲೋಟ್‌ಗೆ ಅದು ಗೊತ್ತಾಗಲ್ಲ. ಎರಡು ಮುಳ್ಳೂ ಒಟ್ಟಿಗೆ ಏರ್ತಿದ್ರೆ ಎರಡಕ್ಕೂ ಸಮಾನವಾಗಿರೋದನ್ನ ಹುಡುಕಿ. ಅಂದ್ರೆ ಡ್ಯಾಶಲ್ಲಿ ಮುಳ್ಳುಗಳಿರೋ ಮೀಟರ್ ಬೋರ್ಡಿನ ಕರೆಂಟು ಮತ್ತು ಅರ್ತ್ (ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ). ಹಳೇ ಮೀಟರ್ ಬೋರ್ಡುಗಳಲ್ಲಿ ಸುಮಾರು 10 ವೋಲ್ಟ್ ಕೊಡೋ ಪುಟ್ಟ ಸ್ಟೆಬಿಲೈಸರ್ ಇರ್ತಿತ್ತು. ಅದರ ಅರ್ತ್ ಸಡಿಲ ಆದ್ರೆ ವೋಲ್ಟೇಜ್ ಮೇಲೇರಿ ಎರಡೂ ಮುಳ್ಳು ಸುಳ್ಳು ಹೇಳತ್ತೆ. ಲೈಟ್ ಹಾಕಿದಾಗ ಅದೇ ವೈರಲ್ಲಿ ಬಲ್ಬುಗಳ ಕರೆಂಟೂ ಹರಿಯೋದ್ರಿಂದ ಸುಳ್ಳು ಇನ್ನೂ ದೊಡ್ಡದಾಗತ್ತೆ.

ನಿಮ್ಮದು ಫೈಬರ್ ಬಾಡಿ ಅನ್ನೋದು ಮರೀಬೇಡಿ. ತಗಡಿನ ಕಾರಲ್ಲಿ ಬಾಡಿಯೇ ಅರ್ತ್, ಎಲ್ಲಿ ಬೇಕಾದ್ರೂ ಒಂದು ಸ್ಕ್ರೂ ಹೊಡೀಬಹುದು. ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ, ಪ್ರತಿಯೊಂದು ಲೈಟು, ಪ್ರತಿಯೊಂದು ಮೀಟರು ವೈರ್ ಹಿಡಿದೇ ಚಾಸಿಗೋ ಬ್ಯಾಟರಿಗೋ ವಾಪಸ್ ಬರ್ಬೇಕು. ಆ ವೈರಿಗೆ ಯಾರೋ ಸ್ಟೀರಿಯೋ, ಇನ್ಯಾರೋ ಹಾರ್ನು ಅಂತ ಟೇಪ್ ಸುತ್ತಿ ಸೇರಿಸಿರ್ತಾರೆ. ಇಂಥ ಗಾಡಿಗಳಲ್ಲಿ ನಾನು ಮೊದಲು ಡ್ಯಾಶ್ ಕೆಳಗೆ ತಲೆ ಹಾಕೋದು ಅದಕ್ಕೇ.

ಎಸ್.ಪಿ. ರೋಡಲ್ಲಿ ಸಿಗೋ ಸಾಧಾರಣ ಮಲ್ಟಿಮೀಟರ್ ಸಾಕು. ಇಂಜಿನ್ ಆನ್ ಇರ್ಲಿ, ಹೆಡ್‌ಲೈಟ್ ಹಾಕಿ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಮೀಟರ್ ಬೋರ್ಡಿನ ಅರ್ತ್ ವೈರಿಗೆ. 0.1 ವೋಲ್ಟ್ ಒಳಗಿದ್ರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದ್ರೆ ಗ್ಯಾಸ್ಕೆಟ್ ಮಾತು ಪಕ್ಕಕ್ಕಿಡಿ.

ಸೆಂಡರನ್ನೂ ನೋಡಿ, ಅಂದ್ರೆ ಇಂಜಿನ್ನಿನ ಕೂಲೆಂಟ್ ಶಾಖವನ್ನ ಮುಳ್ಳಿಗೆ ತಿಳಿಸೋ ಸೆನ್ಸರ್. ಅದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಮ್ಮಿಯಾಗೋ ಜಾತಿ. ಇಗ್ನಿಷನ್ ಆನ್ ಮಾಡಿ ಅದರ ವೈರ್ ಬಿಚ್ಚಿದ್ರೆ ಮುಳ್ಳು ಪೂರ್ತಿ ಕೆಳಗೆ, ಆ ವೈರನ್ನ ಒಂದು ಕ್ಷಣ ಇಂಜಿನ್ನಿಗೆ ಮುಟ್ಟಿಸಿದ್ರೆ ಪೂರ್ತಿ ಮೇಲೆ ಹೋಗ್ಬೇಕು. ಇಂಜಿನ್ ಕಂಪ್ಯೂಟರಿಗೆ ಹೋಗೋ ಸೆನ್ಸರ್ ಬೇರೆ ಇದ್ರೆ ಅದನ್ನ ಮುಟ್ಬೇಡಿ.

ಎರಡ್‌ಸೀಟು_ಬಸವನಗುಡಿ:

ರಾಯರೇ, ಅಳೆದೆ. ಲೈಟ್ ಇಲ್ಲದಾಗ 0.2, ಹಾಕಿದ ತಕ್ಷಣ 0.9 ವೋಲ್ಟ್! ಮೀಟರ್ ಬೋರ್ಡಿಂದ ಬ್ಯಾಟರಿ ಮೈನಸ್‌ಗೆ ತಾತ್ಕಾಲಿಕವಾಗಿ ಒಂದು ದಪ್ಪ ವೈರ್ ಎಳೆದೆ. ಎರಡೂ ಮುಳ್ಳು ಒಟ್ಟಿಗೇ ಇಳಿದ್ವು. ಡ್ಯಾಶ್ ಕೆಳಗೆ ನೋಡಿದ್ರೆ ನೀವು ಹೇಳಿದ ಹಾಗೇ, ಯಾವ ಕಾಲದ್ದೋ ಸ್ಟೀರಿಯೋ ಜಾಯಿಂಟು, ತಾಮ್ರ ಹಸಿರು ತಿರುಗಿದೆ. ಪೆಟ್ರೋಲ್ ನಾನಂದುಕೊಂಡಿದ್ದಕ್ಕಿಂತ ಕಮ್ಮಿ ಇತ್ತು ಅನ್ನೋದೊಂದೇ ಬೇಜಾರು.

ಆದ್ರೆ ಹಗಲಲ್ಲಿ ಟ್ರಾಫಿಕ್‌ನಲ್ಲಿ ಈಗಲೂ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗತ್ತೆ. ಪಕ್ಕದ ಮನೆಯವರ ಹೊಸ ಕಾರಲ್ಲಿ ಮುಳ್ಳು ಅಲ್ಲಾಡೋದೇ ಇಲ್ಲ.

ವೈರಿಂಗ್_ರಾಯರು:

ಹೊಸ ಕಾರುಗಳಲ್ಲಿ ಒಂದಿಷ್ಟು ಡಿಗ್ರಿ ಹೆಚ್ಚುಕಮ್ಮಿ ಆದ್ರೂ ಮುಳ್ಳನ್ನ ಮಧ್ಯದಲ್ಲೇ ನಿಲ್ಲಿಸೋದು ಕಂಪನಿಯವರ ಲೆಕ್ಕಾಚಾರ, ಗಿರಾಕಿ ಗಾಬರಿ ಆಗ್ಬಾರ್ದು ಅಂತ. ನಿಮ್ಮದು ಇದ್ದಿದ್ದನ್ನ ಇದ್ದ ಹಾಗೆ ತೋರಿಸತ್ತೆ. ನಿಂತಾಗ ಏರಿ, ಫ್ಯಾನ್ ತಿರುಗಿದ್ಮೇಲೆ ಇಳಿದ್ರೆ ಅದು ಆರೋಗ್ಯವೇ. ಓಡುವಾಗ ಏರಿದ್ರೆ ಮಾತ್ರ ರೇಡಿಯೇಟರ್ ಕಟ್ಟಿದೆಯಾ, ವಾಟರ್ ಪಂಪ್ ಹೇಗಿದೆ ನೋಡ್ಬೇಕು. ಬೋರ್ ನೀರು ತುಂಬಿಸಿ ಓಡಿಸಿದ ಗಾಡಿಗಳ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರತ್ತೆ.

ನಿಜವಾದ ಶಾಖ ಬೇಕಿದ್ರೆ ಇನ್‌ಫ್ರಾರೆಡ್ ಗನ್ ತಗೊಂಡು ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಹಿಡೀರಿ. ಹೊಳೆಯೋ ಅಲ್ಯೂಮಿನಿಯಂ ಮೇಲೆ ಅದು ಕಮ್ಮಿ ತೋರಿಸತ್ತೆ, ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಓದಿ.

ರೇಡಿಯೇಟರ್ ಕ್ಯಾಪ್ ಹಳೇದಾಗಿದ್ರೆ ಜೆ.ಸಿ. ರೋಡಲ್ಲಿ ಅಷ್ಟೇ ಪ್ರೆಷರಿನ ಹೊಸದು ತನ್ನಿ. ನಾವಿರೋದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಇಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ. ಒತ್ತಡ ಹಿಡಿದು ಆ ಮಿತಿಯನ್ನ ಮೇಲಕ್ಕೆ ಒಯ್ಯೋದು ಕ್ಯಾಪ್ ಕೆಲಸ. ಬಿಸಿ ಇರುವಾಗ ಮಾತ್ರ ತೆಗೀಬೇಡಿ.

ಹೆಬ್ಬಾಳ_ಹುಡ್ಗ:

ರಾಯರೇ, ಹಾಗಾದ್ರೆ ಮುಳ್ಳು ಕೆಳಗಿದ್ರೆ ನಿಶ್ಚಿಂತೆ ತಾನೇ?

ವೈರಿಂಗ್_ರಾಯರು:

ಇಲ್ಲಪ್ಪ. ಕೂಲೆಂಟ್ ಸೋರಿ ಮಟ್ಟ ಇಳಿದ್ರೆ ಸೆಂಡರ್ ತುದಿ ನೀರು ಬಿಟ್ಟು ಬರೀ ಹಬೆ, ಗಾಳಿಯಲ್ಲಿ ಉಳಿಯತ್ತೆ. ಆಗ ಇಂಜಿನ್ ಬೇಯ್ತಿದ್ರೂ ಮುಳ್ಳು ಕೆಳಗೆ ಬೀಳಬಹುದು. ಓಡ್ತಿರುವಾಗ ಮುಳ್ಳು ಏಕಾಏಕಿ ಬಿದ್ರೆ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡು. ನಿನ್ನ ಹಳೇ ಗಾಡಿಗೆ ಹೊಸ ಥರ್ಮೋಸ್ಟಾಟ್ ಹಾಕ್ಸು, ಅದರ ಗ್ಯಾಸ್ಕೆಟ್ ಸಮೇತ.